ಬಿರುಗಾಳಿಯೂ ಕೊಡಲಿಯೂ

ಬಿರುಗಾಳಿಗೆ ಸಿಕ್ಕಿ ಒಂದು ಮಹಾರಣ್ಯದ ಮರಗಳು ಉರುಳಿದುವೆಂದರೆ, ಮರುದಿನದ ಪತ್ರಿಕೆಗಳಲ್ಲಿ ‘ಅರಣ್ಯವು ನಾಶವಾಯಿತು’ ಎಂಬ ತಲೆಬರೆಹ ತಪ್ಪದು. ಅದಾಗಿ ವಾರವೊಂದು ಕಳೆಯುವುದರೊಳಗೆ, ‘ಹೋದುದು ಹೋಯಿತು, ಬಿದ್ದ ಮರವನ್ನಾದರೂ ಕೊಳೆಯಗೊಡದೆ ಕಡಿದು ಸಾಗಿಸಬೇಕು’ ಎಂಬ ಉಪದೇಶವೂ ಹೊರಡುತ್ತದೆ. ಮೊದಲನೆಯದು ತಿಳಿಯದೆ ಆಡಿದ ಮಾತು. ಎರಡನೆಯದು ಬಹುವೇಳೆ ತಿಳಿದೇ ಆಡಿದ್ದು. ಆದರೆ ಎರಡನೆಯದು ನಿಂತಿರುವುದು ಮೊದಲನೆಯದರ ಹೆಗಲ ಮೇಲೆ. ಕಾಡು ಸತ್ತಿತೆಂದು ಒಮ್ಮೆ ಒಪ್ಪಿದವನು ಹೆಣದ ಮೇಲಣ ಒಡವೆಯನ್ನು ತೆಗೆಯಬೇಡಿರೆಂದು ಯಾವ ಬಾಯಿಂದ ಹೇಳಿಯಾನು? ಆದುದರಿಂದ, ಬಿದ್ದ ಮರಗಳ ಕಾಡು ನಿಜವಾಗಿಯೂ ಸತ್ತ ಕಾಡೇ ಎಂಬುದನ್ನೇ ಮೊದಲು ವಿಚಾರಿಸುವುದು ಯುಕ್ತವಾಗಿದೆ. ಇದಕ್ಕೆ ೧೯೯೯ನೆಯ ಇಸವಿಯಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ಸಂಗತಿಗಿಂತ ಒಳ್ಳೆಯ ನಿದರ್ಶನವು ದೊರೆಯುವುದು ಕಷ್ಟ.

ಸಂಯುಕ್ತ ಸಂಸ್ಥಾನಗಳ ಮಿನೆಸೋಟ ಪ್ರಾಂತಕ್ಕೂ ಕೆನಡಾ ದೇಶದ ಒಂಟೇರಿಯೋ ಪ್ರಾಂತಕ್ಕೂ ನಡುವೆ, ಎಲ್ಲೆಗೆ ಅಂಟಿಕೊಂಡಂತೆ, ‘ಬೌಂಡರಿ ವಾಟರ್ಸ್’ ಎಂಬ ಕಾಡುಸೀಮೆಯುಂಟು. ಗಡಿಯ ನೀರುಗಳೆಂದು ಆ ಹೆಸರಿನ ಅರ್ಥ. ವಿಸ್ತಾರವು ಸುಮಾರು ೧೧ ಲಕ್ಷ ಎಕರೆ. ಅದರೊಳಗೆ ಸಾವಿರಕ್ಕೂ ಮಿಕ್ಕಿದ ಸರೋವರಗಳು. ಪೂರ್ವಕಾಲದ ಹಿಮರಾಶಿಗಳು ಬಂಡೆಯನ್ನು ಕೆರೆದು ಬಿಟ್ಟುಹೋದ ತಗ್ಗುಗಳಲ್ಲಿ ನೀರು ನಿಂತು ಈ ಸರೋವರಗಳಾದುವು. ಬಂಡೆಯ ಮೇಲೆ ಉಳಿದ ತೆಳ್ಳನೆಯ ಮಣ್ಣನ್ನು ಹಿಡಿದುಕೊಂಡು ಪೈನ್, ಸ್ಪ್ರೂಸ್, ಫರ್, ಸೀಡರ್, ಆಸ್ಪೆನ್, ಬರ್ಚ್ ಮರಗಳು ಬೆಳೆದುವು. ಬೇರು ಆಳಕ್ಕಿಳಿಯಲು ಅಲ್ಲಿ ಎಡೆಯಿಲ್ಲ. ಅಡ್ಡಡ್ಡಲಾಗಿ ಹರಡಿಯೇ ನಿಲ್ಲಬೇಕು. ಒಳನಾಡಿನಲ್ಲಿ ಬಂಡಿಯ ದಾರಿಯಿಲ್ಲ. ಪ್ರವಾಸಿಗರು ಹಗುರವಾದ ದೋಣಿಯಲ್ಲಿ ಸರೋವರವನ್ನು ದಾಟಿ, ಅದನ್ನೇ ಹೆಗಲ ಮೇಲೆ ಹೊತ್ತು ಕಾಲುದಾರಿಯಿಂದ ಮುಂದಿನ ಸರೋವರಕ್ಕೆ ನಡೆಯುತ್ತಾರೆ. ೧೯೭೮ರಲ್ಲಿ ಈ ಸೀಮೆಗೆಂದೇ ಮಾಡಿದ ಶಾಸನವು ಅಲ್ಲಿ ಮರ ಕಡಿಯುವ ವ್ಯಾಪಾರವನ್ನು ನಿಲ್ಲಿಸಿತು.

೧೯೯೯ನೆಯ ಜುಲೈ ೪ನೆಯ ತಾರೀಖು ಭಾನುವಾರ. ಆ ದೇಶದ ಸ್ವಾತಂತ್ರ್ಯದ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಿಂದ ಕಪ್ಪಾದ ಮೋಡದ ಸಾಲೊಂದು ಬಂದು ಈ ಕಾಡಿನ ಮೇಲೆ ಎರಗಿತು. ಗಂಟೆಗೆ ೮೦ರಿಂದ ೧೦೦ ಮೈಲಿ ವೇಗದ ಗಾಳಿ. ಅದು ಹಾದುಹೋದ ಮೇಲೆ ನೋಡಿದರೆ, ಸುಮಾರು ೩೦ ಮೈಲಿ ಉದ್ದಕ್ಕೆ, ೪ರಿಂದ ೧೨ ಮೈಲಿ ಅಗಲಕ್ಕೆ, ಕಾಡು ಮಲಗಿತ್ತು. ಈ ಸೀಮೆಯನ್ನು ಒಳಕೊಂಡ ಸುಪೀರಿಯರ್ ರಾಷ್ಟ್ರೀಯ ಅರಣ್ಯದಲ್ಲಿ ಹಾನಿಗೊಳಗಾದ ನೆಲವು ಒಟ್ಟು ೪,೭೭,೦೦೦ ಎಕರೆಯೆಂದು ಲೆಕ್ಕ. ಬಿದ್ದ ಮರಗಳನ್ನು ಕೋಟಿಗಳಲ್ಲಿ ಎಣಿಸಬೇಕು. ಬಿಡಾರಗಳಲ್ಲಿದ್ದವರಲ್ಲಿ ೬೦ರಷ್ಟು ಮಂದಿ ಗಾಯಗೊಂಡರು. ಕೆಲವರನ್ನು ವಿಮಾನದಲ್ಲಿ ಹೊತ್ತು ತರಬೇಕಾಯಿತು. ಆ ಗಾಳಿಯು ಅಲ್ಲಿಗೇ ನಿಲ್ಲದೆ ಕೆನಡಾವನ್ನು ಹೊಕ್ಕು, ೨೨ ಗಂಟೆಗಳಲ್ಲಿ ೧,೩೦೦ ಮೈಲಿಗಳಿಗೂ ಹೆಚ್ಚು ದೂರ ಸಾಗಿ, ಸಂಯುಕ್ತ ಸಂಸ್ಥಾನಗಳ ಈಶಾನ್ಯ ಮೂಲೆಯಾದ ನ್ಯೂ ಇಂಗ್ಲೆಂಡನ್ನು ಮುಟ್ಟಿತು.

ಇಂತಹ ಗಾಳಿಗೆ ಹೆಸರಿಡುವುದರಲ್ಲಿಯೂ ಗೊಂದಲವಿದೆ. ಮರ ಕೆಡಹಿದ ಗಾಳಿಯನ್ನೆಲ್ಲ ಸುಂಟರಗಾಳಿಯೆಂದು ಕರೆಯುವುದು ಕನ್ನಡದ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಇದು ಸುಂಟರಗಾಳಿಯಾಗಿರಲಿಲ್ಲ. ಸುಂಟರಗಾಳಿಯು ಸುತ್ತುತ್ತ ಬರುವುದರಿಂದ, ಅದರ ಹಾದಿಯಲ್ಲಿ ಮರಗಳು ಒಂದರ ಕಡೆಗೊಂದು ತಲೆಯಿಟ್ಟು, ಅಡ್ಡದಿಡ್ಡವಾಗಿ ಬೀಳುತ್ತವೆ. ೧೯೮೭ನೆಯ ಜುಲೈ ೨೧ರಂದು ವಯೋಮಿಂಗ್ ಪ್ರಾಂತದ ಟೀಟನ್ ಕಾಡಿನಲ್ಲಿ ಎದ್ದು ಯೆಲ್ಲೋಸ್ಟೋನ್ ವನದೊಳಕ್ಕೆ ನುಗ್ಗಿದ ಸುಂಟರಗಾಳಿಯ ಹಾದಿಯನ್ನು, ಗಾಳಿಯ ಶಾಸ್ತ್ರದಲ್ಲಿ ಪ್ರಖ್ಯಾತನಾದ ಫುಜಿತಾ ಎಂಬ ಪಂಡಿತನು, ಬಿದ್ದ ಮರಗಳ ದಿಕ್ಕನ್ನು ನೋಡಿಯೇ ಓದಿದನು. ಬೌಂಡರಿ ವಾಟರ್ಸ್ ಸೀಮೆಯಲ್ಲಿ ಬೀಸಿದುದಾದರೋ ನೇರವಾಗಿ ಮುನ್ನುಗ್ಗುವ ಗಾಳಿ. ಇಂತಹುದಕ್ಕೆ ೧೮೮೮ರಲ್ಲಿ ಐಯೋವಾ ಪ್ರಾಂತದ ಹಿನ್ರಿಕ್ಸ್ ಎಂಬ ಪ್ರಾಧ್ಯಾಪಕನು ಸ್ಪ್ಯಾನಿಷ್ ಭಾಷೆಯಿಂದ ‘ಡೆರೆಚೊ’ ಎಂಬ ಹೆಸರನ್ನು ತೆಗೆದುಕೊಟ್ಟನು. ‘ನೆಟ್ಟಗೆ’ ಎಂದು ಅದರ ಅರ್ಥ. ಗುಡುಗುಮೋಡಗಳ ಒಳಗಣ ತಣ್ಣನೆಯ ಗಾಳಿಯು ಭಾರವಾಗಿ ಕೆಳಕ್ಕೆ ಕುಸಿದು, ನೆಲಕ್ಕೆ ಬಡಿದು, ಮುಂದಕ್ಕೆ ಹರಡುತ್ತದೆ. ಅದರಿಂದ ಎದುರಿನ ಬಿಸಿಗಾಳಿಯು ಮೇಲಕ್ಕೆ ತಳ್ಳಲ್ಪಟ್ಟು ಹೊಸ ಮೋಡಗಳನ್ನು ಕಟ್ಟುತ್ತದೆ. ಆ ಮೋಡಗಳಿಂದ ಮತ್ತೆ ತಣ್ಣನೆಯ ಗಾಳಿ. ಹೀಗೆ ಅದು ತನ್ನ ಹಾದಿಯನ್ನು ತಾನೇ ಮಾಡಿಕೊಳ್ಳುತ್ತ ಮುಂದುವರಿಯುವುದು. ಮರಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಬಿದ್ದಿರುತ್ತವೆ.

ಈ ಗಾಳಿ ಆ ನಾಡಿಗೆ ಹೊಸತೇ? ಅಲ್ಲ. ಅದೇ ಹಬ್ಬದ ದಿನ, ೧೯೭೭ನೆಯ ಜುಲೈ ೪ರಂದು, ನೆರೆಯ ವಿಸ್ಕಾನ್ಸಿನ್ ಪ್ರಾಂತದ ಉತ್ತರಭಾಗದಲ್ಲಿ ಸುಮಾರು ೮,೫೦,೦೦೦ ಎಕರೆಯ ಕಾಡು ಇಂತಹುದೇ ಗಾಳಿಗೆ ಗುರಿಯಾಯಿತು. ಇನ್ನೂ ಹಿಂದಕ್ಕೆ ಹೋಗಬೇಕಾದರೆ ಸರಕಾರದ ಮೋಜಣಿದಾರರ ಪುಸ್ತಕಗಳಿವೆ. ೧೯ನೆಯ ಶತಮಾನದ ನಡುವೆ, ಕೊಡಲಿ ಇನ್ನೂ ಮುಟ್ಟದಿದ್ದ ಕಾಡಿನಲ್ಲಿ ಸರಪಳಿ ಹಿಡಿದು ನಡೆದ ಆ ಜನರು, ಗಾಳಿಗೆ ಬಿದ್ದ ಮರಗಳ ತಾಣ ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂಬುದನ್ನು ಗುರುತು ಹಾಕಿದ್ದಾರೆ. ಕ್ಯಾನಮ್ ಮತ್ತು ಲೌಕ್ಸ್ ಎಂಬ ವಿದ್ವಾಂಸರು ೧೯೮೪ರಲ್ಲಿ ಆ ಬರೆಹಗಳನ್ನು ಕೂಡಿಸಿ, ಉತ್ತರ ವಿಸ್ಕಾನ್ಸಿನ್ನಿನ ಒಂದು ತಾಣವನ್ನು ಹೀಗೆ ಪೂರ್ತಿಯಾಗಿ ಮಲಗಿಸುವ ಗಾಳಿಯು ಸರಾಸರಿ ೧,೨೧೦ ವರ್ಷಗಳಿಗೊಮ್ಮೆ ಬರುವುದೆಂದು ಗಣಿಸಿದರು. ಒಂದು ತಾಣಕ್ಕೆ ಅದು ಅಪರೂಪ. ಇಡೀ ಸೀಮೆಗೆ ನೋಡಿದರೆ ಎಲ್ಲಿಯಾದರೊಂದು ಕಡೆ ಆಗುತ್ತಲೇ ಇರತಕ್ಕದ್ದು. ಮನುಷ್ಯನ ಆಯುಸ್ಸಿನಿಂದ ಅಳೆದು ಅದನ್ನು ಪ್ರಳಯವೆನ್ನುವುದು ಅಳತೆಯ ಕೋಲಿನ ದೋಷವೇ ಹೊರತು ಕಾಡಿನದಲ್ಲ.

ಆದರೆ ಹಳೆಯದಾದ ಮಾತ್ರಕ್ಕೆ ಅದು ಹಾನಿಯಲ್ಲವೆಂದು ಹೇಗೆ ಹೇಳುವುದು ಎಂದು ವಿರುದ್ಧಪಕ್ಷದವರು ಕೇಳಬಹುದು. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರವು ಬರಿಯ ವಾದದಿಂದ ಸಿಕ್ಕುವುದಿಲ್ಲ. ನ್ಯೂ ಇಂಗ್ಲೆಂಡಿನ ಹಳೆಯ ಚರಿತ್ರೆಯಿಂದ ಸಿಕ್ಕುತ್ತದೆ. ೧೯೩೮ನೆಯ ಸೆಪ್ಟೆಂಬರ್ ೨೧ರಂದು ಅಟ್ಲಾಂಟಿಕ್ ಸಾಗರದಿಂದ ಎದ್ದ ಚಂಡಮಾರುತವು ಆ ಪ್ರಾಂತಗಳ ಕಾಡುಗಳನ್ನು ಉರುಳಿಸಿತು. ಬೆಂಕಿಯ ಭಯವೊಂದು ಕಡೆ, ರೈತರ ಮರದ ಬೆಲೆ ಬಿದ್ದುಹೋಗುವ ಭಯ ಇನ್ನೊಂದು ಕಡೆ. ಸರಕಾರವು ಪ್ರತ್ಯೇಕವಾದ ಇಲಾಖೆಯನ್ನೇ ತೆರೆದು ಬಿದ್ದ ದಿಮ್ಮಿಗಳನ್ನು ಕೊಂಡಿತು. ಹುಳು ಬೀಳದಂತೆಯೂ ಸೀಳದಂತೆಯೂ ಅವುಗಳನ್ನು ಕೆರೆ ಸರೋವರಗಳಲ್ಲಿ ತೇಲಬಿಟ್ಟರು. ನ್ಯೂ ಹ್ಯಾಂಪ್‌ಷೈರಿನ ಟರ್ಕಿ ಪಾಂಡ್ ಎಂಬ ಕೆರೆಯ ದಂಡೆಯಲ್ಲಿ, ಗಂಡಸರು ಯುದ್ಧಕ್ಕೆ ಹೋಗಿದ್ದ ೧೯೪೨ರಲ್ಲಿ, ಹೆಂಗಸರೇ ಗರಗಸದ ಕಾರಖಾನೆಯನ್ನು ನಡೆಸಿ ಆ ದಿಮ್ಮಿಗಳನ್ನು ಹಲಗೆಯಾಗಿಸಿದರು. ಆ ಮರವು ಬಡ ರೈತನ ಕೈಗೆ ಕಾಸು ಕೊಟ್ಟಿತು, ಯುದ್ಧಕಾಲದಲ್ಲಿ ನಾಡಿಗೆ ಒದಗಿತು. ರೈತನ ಸ್ವಂತ ತೋಪಿನ ಮರವನ್ನು ರೈತನು ಮಾರಿಕೊಂಡರೆ ಅದನ್ನು ಆಕ್ಷೇಪಿಸತಕ್ಕವರು ಯಾರು? ಆಕ್ಷೇಪವಿರುವುದು, ಇದು ಕಾಡಿಗಾಗಿಯೇ ಮಾಡಿದ ಉಪಕಾರವೆಂದು ಅಂದಿನಿಂದ ಹೇಳಿಕೊಂಡು ಬಂದಿರುವ ಮಾತಿಗೆ.

ಏಕೆಂದರೆ, ಅದೇ ಗಾಳಿಗೆ ಬಿದ್ದು, ಯಾರೂ ಮುಟ್ಟದೆ ಉಳಿದ ಕಾಡೊಂದು ಸಾಕ್ಷಿಗೆ ನಿಂತಿದೆ. ನ್ಯೂ ಹ್ಯಾಂಪ್‌ಷೈರಿನ ನೈಋತ್ಯಭಾಗದ ಪಿಸ್ಗಾ ಎಂಬಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದ, ಎಂದೂ ಕಡಿಯದ ಬಿಳಿ ಪೈನ್ ಮತ್ತು ಹೆಮ್ಲಾಕ್ ಮರಗಳ ಒಂದು ತುಂಡು ಕಾಡಿತ್ತು. ೧೯೩೮ರಲ್ಲಿ ಅದು ಮಲಗಿತು. ಬಿದ್ದದ್ದು ಬಿದ್ದಲ್ಲಿಯೇ ಬಿಡಲ್ಪಟ್ಟಿತು. ಅರ್ಧ ಶತಮಾನ ಕಳೆದ ಮೇಲೂ ಆ ದಿಮ್ಮಿಗಳು ಪಾಚಿ ಹೊದ್ದು ಮಲಗಿದ್ದುವು. ಅವುಗಳ ನಡುವೆ, ಮೊದಲೇ ನೆರಳಿನಲ್ಲಿ ಕಾದುಕೊಂಡಿದ್ದ ಹೆಮ್ಲಾಕ್ ಗಿಡಗಳೂ ಜೊತೆಗೆ ಬರ್ಚ್, ಬೀಚ್, ಮೇಪಲ್‌ಗಳೂ ಎದ್ದು ಕಾಡಾಗಿದ್ದುವು. ಇದಕ್ಕೆ ಯಾರೂ ಸಸಿ ನೆಡಲಿಲ್ಲ.

ಒಂದೇ ಕಾಡನ್ನು ನೋಡಿ ನಿರ್ಣಯಿಸಬಾರದೆನ್ನುವವರಿಗಾಗಿ ಹಾರ್ವರ್ಡಿನವರು ೧೯೯೦ರ ಅಕ್ಟೋಬರಿನಲ್ಲಿ ವಿಚಿತ್ರವಾದ ಪ್ರಯೋಗವೊಂದನ್ನು ಮಾಡಿದರು. ಮ್ಯಾಸಚೂಸೆಟ್ಸಿನ ತಮ್ಮ ಕಾಡಿನ ಎರಡು ಎಕರೆಯಷ್ಟು ಜಾಗದಲ್ಲಿ, ಉಕ್ಕಿನ ಹಗ್ಗ ಕಟ್ಟಿ ಯಂತ್ರದಿಂದ ಜಗ್ಗಿ, ೧೯೩೮ರ ಗಾಳಿ ಕೆಡಹಿದ ದಿಕ್ಕಿಗೇ ೨೭೬ ಮರಗಳನ್ನು ಉರುಳಿಸಿದರು. ಕೊಡಲಿ ಬಳಸಲಿಲ್ಲ, ಬಿದ್ದ ಮರವನ್ನು ಸಾಗಿಸಲೂ ಇಲ್ಲ. ಮರುವರ್ಷದ ವಸಂತದಲ್ಲಿ ನೋಡಿದರೆ, ಬೇರಿನ ಒಂದು ಪಾಲು ಇನ್ನೂ ಮಣ್ಣಿನಲ್ಲಿದ್ದುದರಿಂದ, ನೆಲಕ್ಕೊರಗಿದ ಮರಗಳಲ್ಲಿ ಹೆಚ್ಚಿನವು ಮಲಗಿದಂತೆಯೇ ಚಿಗುರಿದ್ದುವು. ಕೆಲವು ವರ್ಷಗಳಲ್ಲಿ ಅವುಗಳಲ್ಲಿ ಎಷ್ಟೋ ಸತ್ತುವು ನಿಜ. ಅಷ್ಟರೊಳಗೆ ಬುಡದ ಚಿಗುರುಗಳೂ ಕೆಳಗಣ ಗಿಡಗಳೂ ನೆಲವನ್ನು ಮುಚ್ಚಿದ್ದುವು. ಮಣ್ಣಿನ ತೇವದಲ್ಲಿಯೂ ಸತ್ತ್ವದಲ್ಲಿಯೂ ಹೇಳಿಕೊಳ್ಳುವಷ್ಟು ವ್ಯತ್ಯಾಸವಾಗಲಿಲ್ಲ. ಕಣ್ಣಿಗೆ ಸ್ಮಶಾನದಂತೆ ತೋರಿದ ನೆಲವು ಒಳಗೆ ತನ್ನ ಕೆಲಸವನ್ನು ನಿಲ್ಲಿಸಿರಲಿಲ್ಲ. ಇಂತಹ ನೆಲದ ಮೇಲೆ ಬಂಡಿಯನ್ನೂ ಯಂತ್ರವನ್ನೂ ಹೊಡೆದು ದಿಮ್ಮಿ ಎಳೆದರೆ, ಮೊದಲು ಸಾಯತಕ್ಕವು ಮುಂದಿನ ಕಾಡಾಗಬೇಕಾದ ಆ ಗಿಡಗಳೇ. ಗಾಳಿ ಬಿಟ್ಟುಹೋದುದನ್ನು ಕೊಡಲಿ ಮುಗಿಸುತ್ತದೆ.

ಮರವು ನೆಲಕ್ಕೆ ಬಿದ್ದರೆ ಅಪವ್ಯಯವೆಂಬ ಮಾತನ್ನೂ ಇಲ್ಲಿಯೇ ನೋಡಬಹುದು. ಬುಡಸಮೇತ ಮಗುಚಿದ ಮರವು ಒಂದು ಕಡೆ ಗುಂಡಿಯನ್ನೂ ಇನ್ನೊಂದು ಕಡೆ ಮಣ್ಣಿನ ದಿಬ್ಬವನ್ನೂ ಮಾಡುತ್ತದೆ. ಹಳದಿ ಬರ್ಚ್ ಮತ್ತು ಹೆಮ್ಲಾಕ್‌ಗಳ ಸಣ್ಣ ಬೀಜಗಳು ಎಲೆಕಸದ ದಪ್ಪ ಹಾಸಿನ ಮೇಲೆ ಬೇರೂರಲಾರದೆ, ಈ ದಿಬ್ಬಗಳನ್ನೂ ಲಡ್ಡಾದ ದಿಮ್ಮಿಗಳನ್ನೂ ಹುಡುಕುತ್ತವೆ. ದಿಮ್ಮಿಯನ್ನು ಒಯ್ದವನು ತೊಟ್ಟಿಲನ್ನು ಒಯ್ದಂತೆ.

ನೀರಿಗೆ ಬಿದ್ದ ಮರದ ವಿಷಯವಂತೂ ಇನ್ನೂ ಸ್ವಾರಸ್ಯವಾದುದು. ಇದನ್ನು ಸರೋವರದ ದಂಡೆಯಲ್ಲಿ ಮನೆ ಕಟ್ಟುವ ಶ್ರೀಮಂತರು ಅವಶ್ಯವಾಗಿ ಕೇಳತಕ್ಕದ್ದು. ತಮ್ಮ ಕಿಟಕಿಯ ಮುಂದೆ ನೀರು ಕನ್ನಡಿಯಂತಿರಬೇಕೆಂಬ ಆಸೆಯಿಂದ ಅವರು ದಂಡೆಯಲ್ಲಿ ಬಿದ್ದ ಮರಗಳನ್ನೆಲ್ಲ ತೆಗೆಸಿಬಿಡುತ್ತಾರೆ. ಉತ್ತರ ವಿಸ್ಕಾನ್ಸಿನ್ನಿನ ಲಿಟಲ್ ರಾಕ್ ಎಂಬ ಸರೋವರವನ್ನು ಪರೀಕ್ಷೆಗಾಗಿ ಪರದೆಯಿಂದ ಎರಡು ಭಾಗ ಮಾಡಿದ್ದರು. ೨೦೦೨ರಲ್ಲಿ ಅದರ ಒಂದು ಭಾಗದಿಂದ ನೀರಿನೊಳಗಣ ಮರಗಳಲ್ಲಿ ಹೆಚ್ಚಿನವನ್ನು ತೆಗೆದುಬಿಟ್ಟರು. ಇನ್ನೊಂದನ್ನು ಹಾಗೆಯೇ ಬಿಟ್ಟರು. ಮರ ತೆಗೆದ ಭಾಗದಲ್ಲಿ, ಕೊಂಬೆಗಳ ಮರೆಯಲ್ಲಿ ಬದುಕುತ್ತಿದ್ದ ಪರ್ಚ್ ಮೀನುಗಳು ಮರೆಯಿಲ್ಲದೆ ಹೆಚ್ಚುಕಡಿಮೆ ನಿರ್ಮೂಲವಾದುವು. ಅವನ್ನು ತಿಂದು ಬದುಕುತ್ತಿದ್ದ ಬಾಸ್ ಎಂಬ ದೊಡ್ಡ ಮೀನುಗಳು, ಆಹಾರಕ್ಕಾಗಿ ದಡದಿಂದ ಬೀಳುವ ಹುಳುಹುಪ್ಪಟೆಗಳ ಕಡೆ ತಿರುಗಿ, ಬೆಳವಣಿಗೆ ಕುಂದಿ ನಿಂತುವು. ಬಿಳಿ ಪೈನ್ ಮರವು ಇಂತಹ ತಣ್ಣೀರಿನಲ್ಲಿ ಮುಳುಗಿದರೆ ಶತಮಾನಗಳ ಕಾಲ ಕೆಡದೆ ಇರುತ್ತದೆ. ಒಂದು ಮಧ್ಯಾಹ್ನದ ಗಾಳಿಯು ಸರೋವರಕ್ಕೆ ಕೊಟ್ಟ ಸೊತ್ತು ಅದು. ದಂಡೆಯ ಒಡೆಯನ ಕಣ್ಣಿಗೆ ಕಸ.

ಇನ್ನು ವಿರುದ್ಧಪಕ್ಷದ ಬಲವಾದ ವಾದಕ್ಕೆ ಬರತಕ್ಕದ್ದು. ಅದು ಬೆಂಕಿಯದು. ‘ಲಕ್ಷಾಂತರ ಎಕರೆಯಲ್ಲಿ ಒಣಮರ ರಾಶಿ ಬಿದ್ದಿದೆ, ಒಂದು ಸಿಡಿಲು ಸಾಕು, ಊರುಗಳು ಉರಿದುಹೋದರೆ ನಿಮ್ಮ ಪಾಚಿ ದಿಮ್ಮಿಗಳ ಮಾತು ಯಾರಿಗೆ ಬೇಕು?’ ಎಂದು ಅವರು ಕೇಳುತ್ತಾರೆ. ಇದನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ೨೦೦೬ನೆಯ ಜುಲೈನಲ್ಲಿ ಸಿಡಿಲಿನಿಂದ ಹುಟ್ಟಿದ ಕ್ಯಾವಿಟಿ ಲೇಕ್ ಬೆಂಕಿಯು ಬಿದ್ದ ಕಾಡಿನ ೩೦,೦೦೦ಕ್ಕೂ ಮಿಕ್ಕ ಎಕರೆಗಳನ್ನು ಸುಟ್ಟಿತು. ಮರುವರ್ಷದ ಮೇ ತಿಂಗಳಲ್ಲಿ ಬಿಡಾರದ ಒಲೆಯಿಂದ ಎದ್ದ ಹ್ಯಾಮ್ ಲೇಕ್ ಬೆಂಕಿಯು ಎರಡೂ ದೇಶಗಳಲ್ಲಿ ಸೇರಿ ಸುಮಾರು ೭೫,೦೦೦ ಎಕರೆಗಳನ್ನು ನುಂಗಿ, ‘ಗನ್‌ಫ್ಲಿಂಟ್ ಟ್ರೇಲ್’ ಎಂಬ ರಸ್ತೆಯ ಬದಿಯ ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಬೂದಿ ಮಾಡಿತು. ವನ್ಯಸೀಮೆಯ ಹೊರಗೆ, ಬಿದ್ದ ಮರವನ್ನು ಮೊದಲೇ ಸಾಗಿಸಿದ್ದ ತಾಣಗಳಲ್ಲಿ ಈ ಬೆಂಕಿಯು ಮರಗಳ ತಲೆಯನ್ನು ಅಷ್ಟು ಉಗ್ರವಾಗಿ ಸುಡಲಿಲ್ಲವೆಂಬುದನ್ನು ೨೦೧೧ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿದೆ. ಇಷ್ಟನ್ನೂ ಒಪ್ಪತಕ್ಕದ್ದೇ.

ಒಪ್ಪಿದ ಮೇಲೆ ಎರಡು ಮಾತುಗಳು ಉಳಿಯುತ್ತವೆ. ಮೊದಲನೆಯದು, ಆ ಕಾಡಿಗೆ ಬೆಂಕಿಯು ಪರಕೀಯವಲ್ಲ. ಮೈರನ್ ಹೈನ್ಸೆಲ್ಮನ್ ಎಂಬ ವನಶಾಸ್ತ್ರಜ್ಞನು ಮರಗಳ ಸುಟ್ಟ ಕಲೆಗಳನ್ನೂ ಅವುಗಳ ಒಳಗಣ ವರ್ಷದ ಬಳೆಗಳನ್ನೂ ಎಣಿಸಿ ಈ ಸೀಮೆಯ ಬೆಂಕಿಯ ಚರಿತ್ರೆಯನ್ನೇ ಬರೆದನು. ೧೯೭೩ರಲ್ಲಿ ಅದು ಅಚ್ಚಾಯಿತು. ಬಿಳಿಯರು ಬಂದು ನೆಲಸುವ ಮುಂಚೆ ಸುಮಾರು ನೂರು ವರ್ಷಗಳಲ್ಲಿ ಇಡೀ ಸೀಮೆಯಷ್ಟು ನೆಲವನ್ನು ಬೆಂಕಿಯು ಸುತ್ತಿಬರುತ್ತಿತ್ತೆಂದೂ, ೨೦ನೆಯ ಶತಮಾನದ ಆದಿಯಿಂದ ಸರಕಾರವು ಬೆಂಕಿಯನ್ನು ಆರಿಸುತ್ತ ಬಂದುದರಿಂದ ಆ ಕ್ರಮವು ಕಡಿದುಹೋಯಿತೆಂದೂ ಅವನು ತೋರಿಸಿದನು. ಮುದಿಯಾದ ಮರಗಳನ್ನು ಉಳಿಸಿಕೊಂಡು ಬಂದವರು ಮನುಷ್ಯರು. ಒಂದೇ ದಿನ ಇಷ್ಟು ಮರಗಳು ಬಿದ್ದುವೆಂದು ಗಾಳಿಯೊಂದನ್ನೇ ದೂರುವುದು ನ್ಯಾಯವಲ್ಲ.

ಎರಡನೆಯದು, ಮನೆ ಉಳಿಯುವುದು ಮನೆಯ ಬಳಿ ಮಾಡಿದ ಕೆಲಸದಿಂದ. ೧೯೯೯ರ ಗಾಳಿಯ ತರುವಾಯ ಗನ್‌ಫ್ಲಿಂಟ್ ರಸ್ತೆಯ ನಿವಾಸಿಗಳಲ್ಲಿ ಅನೇಕರು ಸರಕಾರದ ಸಹಾಯಧನದಿಂದ ತಮ್ಮ ಮನೆಗಳಿಗೆ, ಸರೋವರದಿಂದ ನೀರೆತ್ತಿ ಸೂರಿನ ಮೇಲೂ ಸುತ್ತಲೂ ಮಳೆಯಂತೆ ಎರಚುವ ಕೊಳವೆಗಳನ್ನು ಹಾಕಿಸಿಕೊಂಡಿದ್ದರು. ೨೦೦೭ರ ಬೆಂಕಿಯಲ್ಲಿ ಆ ಕೊಳವೆಗಳು ನಡೆಯುತ್ತಿದ್ದ ಮನೆಗಳಲ್ಲಿ ಬಹುಪಾಲು ಉಳಿದುವು. ಬೇಕಾದುದು ರಸ್ತೆಯ ಬದಿಯ ಮರವನ್ನು ತೆಗೆಯುವುದು, ಮನೆಯ ಅಂಗಳವನ್ನು ಬೋಳಿಸುವುದು, ನೀರಿನ ಕೊಳವೆ ಹಾಕುವುದು. ದೋಣಿಯಿಂದ ಎರಡು ದಿನದ ಹಾದಿಯಲ್ಲಿರುವ ಸರೋವರದ ದಂಡೆಯ ದಿಮ್ಮಿಯನ್ನು ಸಾಗಿಸಿದರೆ ರಸ್ತೆಯ ಬದಿಯ ಮನೆ ಹೇಗೆ ಉಳಿಯಬೇಕು? ಊರಿನ ಭಯವನ್ನು ತೋರಿಸಿ ಒಳಗಣ ಕಾಡನ್ನು ಕೇಳುವ ಜಾಣತನವಿದು. ಒಣಕೊಂಬೆ, ತರಗು, ಸಣ್ಣ ಸೌದೆಗಳೇ ಬೆಂಕಿಯನ್ನು ಓಡಿಸತಕ್ಕವು, ಅವುಗಳಿಗೆ ಬೆಲೆಯಿಲ್ಲ. ಬೆಲೆಯಿರುವುದು ದಪ್ಪ ಬೊಡ್ಡೆಗೆ. ಹೀಗಿರಲು, ವ್ಯಾಪಾರಿಯು ಒಯ್ಯಲು ಆಶಿಸುವುದು ಯಾವುದನ್ನು, ಬಿಟ್ಟುಹೋಗುವುದು ಯಾವುದನ್ನು ಎಂಬುದನ್ನು ಗಮನಿಸಿದರೆ ಸಾಕು.

ಇಷ್ಟು ಹೇಳಿದುದರಿಂದ, ಏನನ್ನೂ ಎಲ್ಲಿಯೂ ಮುಟ್ಟಲೇಬಾರದೆನ್ನುವ ಮಡಿವಂತರು ತಮಗೆ ಜಯವಾಯಿತೆಂದು ತಿಳಿಯಬೇಕಾದುದಿಲ್ಲ. ಗಾಳಿಯು ಎಲ್ಲ ಮರಗಳನ್ನೂ ಒಂದೇ ಬಗೆಯಾಗಿ ನೋಡಲಿಲ್ಲ. ಮಿನೆಸೋಟ ವಿಶ್ವವಿದ್ಯಾನಿಲಯದ ಫ್ರೀಲಿಕ್ ಮತ್ತು ಅವರ ಸಂಗಡಿಗರು ಬಿದ್ದ ಕಾಡಿನಲ್ಲಿ ಮರ ಮರವನ್ನೂ ಎಣಿಸಿ ೨೦೦೭ರಲ್ಲಿ ಪ್ರಕಟಿಸಿದಂತೆ, ದಪ್ಪನಾದ ಮರಗಳು ಸಣ್ಣವುಗಳಿಗಿಂತಲೂ, ಬಿಸಿಲನ್ನು ಬಯಸುವ ಜ್ಯಾಕ್ ಪೈನ್ ಮುಂತಾದವು ನೆರಳಿಗೆ ಒಗ್ಗಿದ ಬಿಳಿ ಸೀಡರಿನಂತಹವುಗಳಿಗಿಂತಲೂ ಹೆಚ್ಚಾಗಿ ಸತ್ತುವು. ಈ ಜ್ಯಾಕ್ ಪೈನ್ ಮರದ ಕಾಯಿಗಳನ್ನು ಅಂಟು ಮುಚ್ಚಿರುತ್ತದೆ. ಬೆಂಕಿಯ ಕಾವು ತಗಲಿದಾಗ ಅಂಟು ಕರಗಿ ಬೀಜ ಉದುರುತ್ತದೆ. ಮರ ನಿಂತಿದ್ದರೆ ಕಾಯಿಗಳು ಉರಿಯ ಮೇಲೆ ಎತ್ತರದಲ್ಲಿದ್ದು ಕಾವನ್ನಷ್ಟೇ ಪಡೆಯುತ್ತವೆ. ಮರವೇ ನೆಲದ ಮೇಲೆ ಮಲಗಿ, ಆಮೇಲೆ ಬೆಂಕಿ ಬಂದರೆ, ಕಾಯಿ ಬೀಜಗಳೆಲ್ಲ ಒಟ್ಟಿಗೆ ಬೂದಿಯಾಗುವ ಸಂಭವವುಂಟು. ಅರಣ್ಯ ಇಲಾಖೆಯವರು ಆ ಮುಂದಿನ ವರ್ಷಗಳಲ್ಲಿ ವನ್ಯಸೀಮೆಯೊಳಗೇ, ತಂಪಾದ ಕಾಲವನ್ನು ನೋಡಿಕೊಂಡು, ಗೊತ್ತಾದ ತಾಣಗಳಿಗೆ ತಾವಾಗಿ ಬೆಂಕಿಯಿಟ್ಟರು. ವನ್ಯಭಾವಕ್ಕೆ ಭಂಗವಾಯಿತೆಂದು ಮಡಿವಂತರು ಕೂಗಿದರೂ, ಎಂಟು ದಶಕಗಳಿಗೂ ಹೆಚ್ಚು ಕಾಲ ಬೆಂಕಿಯನ್ನು ತಡೆದ ಕೈಯೇ ಅದನ್ನು ಒಂದಿಷ್ಟು ಹಿಂದಕ್ಕೆ ಕೊಟ್ಟುದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಬೆಂಕಿಯೂ ಕೊಡಲಿಯೂ ಮುಟ್ಟದ ತಾಣಗಳಲ್ಲಿ, ಬಿದ್ದ ಪೈನುಗಳ ನಡುವಿನಿಂದ ಫರ್, ಸ್ಪ್ರೂಸ್, ಸೀಡರ್ ಗಿಡಗಳು ಮೇಲೆದ್ದಿವೆ. ಅಲ್ಲಿಗೆ ಜ್ಯಾಕ್ ಪೈನ್ ಮತ್ತೆ ಬರುವುದು ಇನ್ನೊಂದು ಸಿಡಿಲಿನ ಬೆಂಕಿ ಬಿದ್ದ ಮೇಲೆ, ಅದೂ ಬೀಜದ ಮರವು ಹತ್ತಿರದಲ್ಲಿ ಎಲ್ಲಿಯಾದರೂ ನಿಂತಿದ್ದರೆ.